ಜೇಬಿನ ಚಾಕುವಿನಲ್ಲಿ ಹಣ್ಣು, ತರಕಾರಿ ಹೆಚ್ಚಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಮಂಡ್ಯದವನು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ದಿನಾ ರೈಲಿನಲ್ಲಿ ಓಡಾಟ. ನಮ್ಮ ಭಾವ ವಿದೇಶದಿಂದ ಬರುವಾಗ ಒಂದು ಮಡಚುವ ಚಾಕು ತಂದುಕೊಟ್ಟರು. ಮರದ ಹಿಡಿ, ಚೆನ್ನಾಗಿದೆ. ಸದಾ ಜೇಬಲ್ಲೇ ಇರುತ್ತೆ. ಪಾರ್ಸೆಲ್ ಬಿಚ್ಚುವುದು, ಭಾನುವಾರ ತೋಟದಲ್ಲಿ ಡ್ರಿಪ್ ಪೈಪ್ ಕೊಯ್ಯುವುದು, ಮಧ್ಯಾಹ್ನ ಊಟದ ಜೊತೆ ಸೌತೆಕಾಯಿ, ಸೀಬೆಹಣ್ಣು ಹೆಚ್ಚುವುದು ಎಲ್ಲಾ ಅದರಲ್ಲೇ. ಮೊನ್ನೆ ಕಾವೇರಿ ದಡದ ಬಲಮುರಿಗೆ ಹೋದಾಗ ಅದರಲ್ಲೇ ಈರುಳ್ಳಿ ಹೆಚ್ಚಿ ಚುರುಮುರಿ ಕಲಸಿದೆ. ‘ಆ ಗಲೀಜು ಚಾಕು ಮುಟ್ಟಿದ್ದನ್ನು ನಾನು ತಿನ್ನಲ್ಲ’ ಅಂತ ನನ್ನ ಹೆಂಡತಿ ಹಟ ಹಿಡಿದಳು. ತೊಳೆದರೆ ಸಾಲದಾ? ಮಾವಿನಕಾಯಿ ಕೊಯ್ದರೆ ಅಲಗು ಕಪ್ಪಾಗುತ್ತೆ, ಅದೇನು ವಿಷವಾ? ಈರುಳ್ಳಿ ಹೆಚ್ಚುವಾಗ ಬೆರಳಿನ ಗೆಣ್ಣು ತಟ್ಟೆಗೆ ಬಡಿಯುತ್ತೆ, ಅದಕ್ಕೇನಾದರೂ ಉಪಾಯ ಇದೆಯಾ? ತಿನ್ನುವ ಪದಾರ್ಥಕ್ಕೆ ಯಾವ ಥರದ ಚಾಕು ಒಳ್ಳೇದು?

ಉತ್ತರ: ಮೊದಲು ನಿಮ್ಮ ಮನೆಯ ವ್ಯಾಜ್ಯ ತೀರಿಸಿಬಿಡೋಣ. ಮಡಚುವ ಚಾಕುವಿನಲ್ಲಿ ಹಣ್ಣು, ತರಕಾರಿ ಹೆಚ್ಚಿ ತಿನ್ನುವುದು ತಪ್ಪೇನಲ್ಲ. ಆದರೆ ನಿಮ್ಮ ಜೇಬಿನಲ್ಲಿರುವ ಆ ಚಾಕುವಿನ ವಿಷಯಕ್ಕೆ ಬಂದರೆ ನಿಮ್ಮ ಮನೆಯವರು ಹೇಳಿದ್ದೇ ಸರಿ. ಪಾರ್ಸೆಲ್, ಡ್ರಿಪ್ ಪೈಪ್, ಸೀಬೆಹಣ್ಣು ಮೂರಕ್ಕೂ ಒಂದೇ ಅಲಗು ಆಗುವುದಿಲ್ಲ. ಒಂದೋ ಅದು ತಿನ್ನುವುದರ ಚಾಕು, ಇಲ್ಲವೋ ಹೊರಗಿನ ಕೆಲಸದ ಚಾಕು. ಎರಡೂ ಆಗಿರಲಿ ಅಂದಾಗಲೇ ತಕರಾರು ಶುರು.

ಮಡಚುವ ಚಾಕು ಅಂದರೆ ಬೆಟ್ಟ ಹತ್ತುವವರ, ಸಾಹಸ ಮಾಡುವವರ ಸಾಮಾನು ಅಂತ ಈಗ ಅನ್ನಿಸಬಹುದು. ಹಿಂದೆ ಅದು ಬುತ್ತಿಯ ಜೊತೆ ಇರುತ್ತಿದ್ದ ವಸ್ತು. ಫ್ರಾನ್ಸಿನ ಸವೊಯ್ ಎಂಬ ಬೆಟ್ಟಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ಮರದ ಹಿಡಿಯ ಚಾಕು ಅಲ್ಲಿನ ರೈತರ ಜೇಬಿನಲ್ಲಿ ಇರುತ್ತಿತ್ತು. ಹೊಲದ ಕೆಲಸಕ್ಕೂ ಅದೇ, ಬ್ರೆಡ್ಡು ಚೀಸು ಕೊಯ್ಯುವುದಕ್ಕೂ ಅದೇ. ಸ್ವಿಟ್ಜರ್ಲೆಂಡಿನ ಸೈನಿಕರಿಗೆ 1891ರಲ್ಲಿ ಕೊಟ್ಟ ಚಾಕುವಿನಲ್ಲಿ ಬಂದೂಕು ಬಿಚ್ಚುವ ತಿರುಪುಳಿಯ ಜೊತೆ ತಿಂಡಿಯ ಡಬ್ಬ ತೆರೆಯುವ ಸಾಧನವೂ ಇತ್ತು. ಈಗ ವಿಕ್ಟೋರಿನಾಕ್ಸ್ ಹೆಸರಿನಲ್ಲಿ ಸಿಗುವ ಕೆಂಪು ಚಾಕುಗಳು ಅದೇ ವಂಶದವು. ಹಾಗಾದರೆ ಆ ರೈತರೂ ಒಂದೇ ಚಾಕು ಬಳಸುತ್ತಿದ್ದರಲ್ಲ, ನಾನು ಬಳಸಿದರೆ ಏನು ಅಂತ ನೀವು ಕೇಳಬಹುದು. ಆ ಕಾಲದ ರೈತ ಬಳ್ಳಿ ಕೊಯ್ಯುತ್ತಿದ್ದ, ಕಡ್ಡಿ ಸವರುತ್ತಿದ್ದ. ಅಂಟು ಟೇಪು ಸುತ್ತಿದ ರಟ್ಟಿನ ಡಬ್ಬವಾಗಲಿ, ಕೀಟನಾಶಕದ ಪ್ಲಾಸ್ಟಿಕ್ ಪೊಟ್ಟಣವಾಗಲಿ ಅವನ ಚಾಕುವಿಗೆ ಸಿಗುತ್ತಿರಲಿಲ್ಲ.

ತೋಟದ ಕೆಲಸ ಅಂದಿರಲ್ಲ, ಅಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ಬರೀ ಡ್ರಿಪ್ ಪೈಪ್ ಮಾತ್ರವಾ, ಔಷಧಿ ಪೊಟ್ಟಣವನ್ನೂ ಅದರಲ್ಲೇ ಹರಿದಿದ್ದೀರಾ? ನಮ್ಮ ಕಡೆ ಗದ್ದೆಗೆ, ಕಬ್ಬಿಗೆ, ಟೊಮೆಟೊಗೆ ಹೊಡೆಯುವ ಔಷಧಿ ಪೊಟ್ಟಣವನ್ನು ಕೈಗೆ ಸಿಕ್ಕಿದ ಚಾಕುವಿನಲ್ಲಿ ಕೊಯ್ದು, ಚಾಕುವನ್ನು ಪ್ಯಾಂಟಿಗೆ ಒರೆಸಿ ಜೇಬಿಗೆ ಹಾಕಿಕೊಳ್ಳುವುದು ಮಾಮೂಲು. ಅಂಥ ಕೆಲಸಕ್ಕೆ ಒಂದೇ ಒಂದು ಸಲ ಬಳಸಿದ್ದರೂ ಆ ಚಾಕುವನ್ನು ಮತ್ತೆ ತಿನ್ನುವುದಕ್ಕೆ ತರಬೇಡಿ. ಅಲಗನ್ನು ಸೋಪು ಹಾಕಿ ಉಜ್ಜಬಹುದು, ಸರಿ. ಕೀಲಿನ ಒಳಗೆ, ಮರದ ಹಿಡಿಯ ಸೀಳಿನಲ್ಲಿ ಏನು ಸೇರಿದೆ ಅಂತ ಕಣ್ಣಿಗೆ ಕಾಣಿಸುವುದಿಲ್ಲ, ಬೆರಳಿಗೆ ಸಿಗುವುದೂ ಇಲ್ಲ. ಅಂಥ ಚಾಕು ಇನ್ನು ತೋಟದ ಶೆಡ್ಡಿನಲ್ಲೇ ಇರಲಿ. ಭಾವ ಕೊಟ್ಟಿದ್ದು ಅಂತ ಬೇಜಾರಾಗಬಹುದು. ಅವರಿಗೆ ಹೇಳಿ ಇನ್ನೊಂದು ತರಿಸಿಕೊಂಡರಾಯಿತು.

ಔಷಧಿ ಮುಟ್ಟಿಲ್ಲ, ಬರೀ ಮಣ್ಣು, ರಟ್ಟು, ಟೇಪು ಅಂದರೆ ಚಾಕುವನ್ನು ಉಳಿಸಿಕೊಳ್ಳಬಹುದು. ಅದಕ್ಕೆ ಮುಂಚೆ ಒಂದು ಕೆಲಸ ಮಾಡಿ. ಚಾಕು ಬಿಚ್ಚಿ, ಬೆಳಕಿಗೆ ಹಿಡಿದು, ಅಲಗು ಮಡಚಿದಾಗ ಒಳಗೆ ಕೂರುವ ಸೀಳನ್ನು ನೋಡಿ. ಒಂದು ಟೂತ್‌ಪಿಕ್ ತಗೊಂಡು ಆ ಸೀಳಿನ ಉದ್ದಕ್ಕೂ ಎಳೆಯಿರಿ, ಆಮೇಲೆ ಕೀಲಿನ ಸುತ್ತ ಕೆದಕಿ. ತುದಿಗೆ ಏನು ಬಂತು ಅಂತ ಬಿಳಿ ಕಾಗದದ ಮೇಲೆ ಒರೆಸಿ ನೋಡಿ. ಜೇಬಿನ ಬಟ್ಟೆಯ ಜುಂಗು, ರಟ್ಟಿನ ಧೂಳು, ಟೇಪಿನ ಗೋಂದು, ಅದಕ್ಕೆಲ್ಲ ಅಂಟಿಕೊಂಡ ಸೀಬೆಹಣ್ಣಿನ ಬೀಜ. ಸಿಹಿ ರಸ ಒಣಗಿ ಎಲ್ಲವನ್ನೂ ಗಟ್ಟಿ ಹಿಡಿದುಕೊಂಡಿರುತ್ತದೆ. ನಮ್ಮ ಅಡುಗೆ ತರಗತಿಗೆ ಯಾರಾದರೂ ಜೇಬಿನ ಚಾಕು ತಂದರೆ ನಾನು ಮೊದಲು ಮಾಡಿಸುವುದು ಇದನ್ನೇ. ಆ ಕಾಗದ ನೋಡಿದ ಮೇಲೆ ಭಾಷಣ ಮಾಡುವ ಕೆಲಸ ನನಗೆ ಉಳಿಯುವುದಿಲ್ಲ. ನಿಮ್ಮ ಮನೆಯವರಿಗೆ ಮಾತ್ರ ಆ ಕಾಗದ ತೋರಿಸಬೇಡಿ.

ಅಡುಗೆಮನೆಯ ಚಾಕುವಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಈ ಕೀಲು. ತರಕಾರಿ ಚಾಕುವಿಗೆ ಕೀಲಿಲ್ಲ, ಸೀಳಿಲ್ಲ. ನಲ್ಲಿ ಕೆಳಗೆ ಹಿಡಿದು ಒರೆಸಿದರೆ ಮುಗಿಯಿತು. ಮಡಚುವ ಚಾಕುವನ್ನು ಹೊರಗಿಂದ ಎಷ್ಟೇ ಫಳಫಳ ಅನ್ನಿಸಿದರೂ ಒಳಗೆ ತೇವ, ಸಿಹಿ, ಬೆಚ್ಚಗಿನ ಜಾಗ ಇದ್ದೇ ಇರುತ್ತದೆ. ಬ್ಯಾಕ್ಟೀರಿಯಾ ಬೆಳೆಯುವುದಕ್ಕೆ ಇನ್ನೇನು ಬೇಕು? ಹೆಚ್ಚುಕಮ್ಮಿ 5ರಿಂದ 60 ಡಿಗ್ರಿ ಸೆಲ್ಸಿಯಸ್ ಅವುಗಳಿಗೆ ಹಿಡಿಸುವ ಬಿಸಿ. ಪ್ಯಾಂಟಿನ ಜೇಬು ಸರಿಯಾಗಿ ಅದರ ನಡುವೆ ಇದೆ.

ತೊಳೆಯುವುದು ಕಷ್ಟವೇನಲ್ಲ. ಅಲಗು ಪೂರ್ತಿ ಬಿಚ್ಚಿ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ತೊಟ್ಟು, ಉಗುರುಬೆಚ್ಚಗಿಂತ ಕೊಂಚ ಜಾಸ್ತಿ ಬಿಸಿಯ ನೀರು, ಹಳೆಯ ಟೂತ್‌ಬ್ರಷ್. ಅಲಗಿನ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಉಜ್ಜಿ, ಉಲ್ಟಾ ಉಜ್ಜಿದರೆ ಬ್ರಷ್ಷೂ ಹೋಗುತ್ತದೆ, ಬೆರಳೂ ಹೋಗುತ್ತದೆ. ಆಮೇಲೆ ಹರಿಯುವ ನೀರಿನ ಕೆಳಗೆ ಹಿಡಿದು ಅಲಗನ್ನು ಅರ್ಧ ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಅನ್ನುತ್ತಾ ಕೀಲಿನೊಳಗಿನ ಸೋಪನ್ನು ಹೊರಗೆ ತೆಗೆಯಿರಿ. ಜೋರಾಗಿ ಕೊಡವಿ. ಬಟ್ಟೆಯಲ್ಲಿ ಒರೆಸಿ, ಬಿಚ್ಚಿಟ್ಟ ಹಾಗೇ ಬಿಸಿಲಲ್ಲೋ ಫ್ಯಾನ್ ಕೆಳಗೋ ಇಡಿ. ಒದ್ದೆ ಇರುವಾಗ ಮಡಚಿದಿರೋ, ಪಟ್ಟ ಶ್ರಮವೆಲ್ಲ ವ್ಯರ್ಥ. ಮರದ ಹಿಡಿಯದನ್ನು ಮಾತ್ರ ನೀರಲ್ಲಿ ನೆನೆಹಾಕಬೇಡಿ, ಕುದಿಯುವ ನೀರಿಗೂ ಹಾಕಬೇಡಿ. ಮರ ಊದಿಕೊಂಡು ಅಲಗನ್ನು ಕಚ್ಚಿಕೊಳ್ಳುತ್ತದೆ, ಬಿಚ್ಚಲು ಹೋದರೆ ಉಗುರು ಕಿತ್ತುಬರಬೇಕು. ಸ್ಯಾನಿಟೈಸರ್ ಹಾಕಿ ಒರೆಸಿದ್ದೀನಿ ಅಂತ ಕೆಲವರು ಹೇಳುತ್ತಾರೆ. ಕೊಳೆ ಇದ್ದ ಕಡೆ ಸ್ಯಾನಿಟೈಸರ್ ಕೆಲಸ ಮಾಡುವುದಿಲ್ಲ. ಮೊದಲು ಕೊಳೆ ಹೋಗಬೇಕು.

ಒಣಗಿದ ಮೇಲೆ ಕೀಲಿಗೆ ಎಣ್ಣೆ ಬೇಕು. ಇಲ್ಲಿ ಎಲ್ಲರೂ ಎಡವುತ್ತಾರೆ. ಬಾಗಿಲ ಕೀಲಿಗೆ ಹೊಡೆಯುವ ಡಬ್ಲ್ಯುಡಿ-40 ಸ್ಪ್ರೇ, ಹೊಲಿಗೆ ಮಷೀನಿನ ಎಣ್ಣೆ ಇವು ತಿನ್ನುವ ಪದಾರ್ಥ ಮುಟ್ಟುವ ಜಾಗಕ್ಕೆ ಬೇಡ. ಹಾಗಂತ ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಬಿಟ್ಟರೆ ಕೆಲವು ವಾರದಲ್ಲಿ ಅದು ಗೋಂದಾಗುತ್ತದೆ. ಒಲೆ ಪಕ್ಕದ ಎಣ್ಣೆ ಡಬ್ಬದ ಹೊರಮೈ ಕೈಗೆ ಅಂಟುತ್ತದಲ್ಲ, ಅದೇ ಜಿಡ್ಡು. ಕೊಬ್ಬರಿ ಎಣ್ಣೆ ಅಷ್ಟು ಬೇಗ ಅಂಟಾಗುವುದಿಲ್ಲ, ತುರ್ತಿಗೆ ಪರವಾಗಿಲ್ಲ. ಆದರೆ ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಗ್ಗೆ ಮೈಸೂರಿನಲ್ಲಿ ಬಾಟಲಿ ಬಗ್ಗಿಸಿದರೆ ಎಣ್ಣೆ ಬೀಳುವುದಿಲ್ಲ, ಕೀಲಿನೊಳಗೂ ಅದೇ ಕಥೆ. ನಾನು ಹೇಳುವುದು ಮೆಡಿಕಲ್ ಶಾಪಿನಲ್ಲಿ ಸಿಗುವ ಬರೀ ಲಿಕ್ವಿಡ್ ಪ್ಯಾರಾಫಿನ್. ಮಲಬದ್ಧತೆಗೆ ಕುಡಿಯಲು ಕೊಡುವ ಎಣ್ಣೆ ಅದು, ವಾಸನೆ ಇಲ್ಲ, ರುಚಿ ಇಲ್ಲ, ಕಮಟುವುದೂ ಇಲ್ಲ. ಬೇರೆ ಔಷಧಿ ಬೆರೆಸಿದ ಸಿರಪ್ ಕೊಟ್ಟರೆ ವಾಪಸ್ ಕೊಡಿ. ಕೀಲಿಗೆ ಒಂದೇ ತೊಟ್ಟು ಬಿಟ್ಟು, ಹೆಚ್ಚಾದದ್ದನ್ನು ಒರೆಸಿಬಿಡಿ. ಒಂದು ಸಣ್ಣ ಬಾಟಲಿ ವರ್ಷಗಟ್ಟಲೆ ಬರುತ್ತದೆ.

ಇದೇ ಮಾತಿಗೆ ಇನ್ನೊಂದು. ನಮ್ಮ ಕಡೆ ಆಯುಧಪೂಜೆಗೆ ಮನೆಯ ಚಾಕು, ಈಳಿಗೆ ಮಣೆ, ಮಚ್ಚು ಎಲ್ಲಕ್ಕೂ ಅರಿಶಿನ ಕುಂಕುಮ ಇಡುತ್ತೇವೆ. ಇಡಿ, ಬೇಡ ಅನ್ನಲ್ಲ. ಮಡಚುವ ಚಾಕುವಿಗೆ ಮಾತ್ರ ಹಿಡಿಯ ಮೇಲೆ ಇಡಿ. ಕೀಲಿನ ಬಳಿ ಒದ್ದೆ ಕುಂಕುಮ ಸೇರಿತೋ ಅಲ್ಲೇ ತುಕ್ಕು ಹಿಡಿಯುತ್ತದೆ. ದೀಪಾವಳಿ ಹೊತ್ತಿಗೆ ಬಿಚ್ಚಲು ಹೋದರೆ ಕರಕರ ಅನ್ನುತ್ತದೆ.

ಈಗ ಮಾವಿನಕಾಯಿ. ಅಲಗು ಕಪ್ಪಾಗುತ್ತದೆ ಅಂದರೆ ನಿಮ್ಮದು ಬಹುಶಃ ಕಾರ್ಬನ್ ಸ್ಟೀಲ್. ಮರದ ಹಿಡಿಯ ಫ್ರೆಂಚ್ ಚಾಕುಗಳು ಕಾರ್ಬನ್ ಸ್ಟೀಲಿನಲ್ಲೂ ಬರುತ್ತವೆ, ಸ್ಟೇನ್‌ಲೆಸ್‌ನಲ್ಲೂ ಬರುತ್ತವೆ. ಸ್ಟೇನ್‌ಲೆಸ್ ಅನ್ನಿಸಿಕೊಳ್ಳಬೇಕಾದರೆ ಕಬ್ಬಿಣದ ಜೊತೆ ಕನಿಷ್ಠ ನೂರಕ್ಕೆ ಹತ್ತೂವರೆ ಪಾಲು ಕ್ರೋಮಿಯಂ ಇರಬೇಕು. ಕಾರ್ಬನ್ ಸ್ಟೀಲಿನಲ್ಲಿ ಅದು ಇಲ್ಲ, ಹಾಗಾಗಿ ಹುಳಿ ತಾಗಿದ ಕೂಡಲೇ ಬಣ್ಣ ತಿರುಗುತ್ತದೆ. ಅಯಸ್ಕಾಂತ ಹಿಡಿದು ನೋಡಿದೆ, ಅಂಟಿತು, ಆದ್ದರಿಂದ ಸ್ಟೇನ್‌ಲೆಸ್ ಅಲ್ಲ ಅಂತ ತೀರ್ಮಾನಕ್ಕೆ ಬರಬೇಡಿ. ಚಾಕು ಮಾಡುವ ಸ್ಟೇನ್‌ಲೆಸ್ ಕೂಡ ಅಯಸ್ಕಾಂತಕ್ಕೆ ಅಂಟುತ್ತದೆ. ಒಂದು ಹೋಳು ನಿಂಬೆಹಣ್ಣನ್ನು ಅಲಗಿನ ಮೇಲೆ ಕಾಲು ಗಂಟೆ ಇಟ್ಟು ತೆಗೆಯಿರಿ. ಬೂದು ಬಣ್ಣದ ಮಚ್ಚೆ ಉಳಿದರೆ ಕಾರ್ಬನ್.

ಆ ಕಪ್ಪು ವಿಷ ಅಲ್ಲ. ಮಾವಿನಕಾಯಿ, ನೆಲ್ಲಿಕಾಯಿ, ಬಾಳೆಕಾಯಿ, ಬದನೆಕಾಯಿ ಇವುಗಳಲ್ಲಿ ಒಗರು ಇದೆ. ಒಗರು ಮತ್ತು ಕಬ್ಬಿಣ ಸೇರಿದರೆ ಕಪ್ಪು. ಹಿಂದೆ ಬರೆಯುವ ಶಾಯಿ ಮಾಡುತ್ತಿದ್ದದ್ದೂ ಇವೆರಡರಿಂದಲೇ. ಆದರೆ ತಿನ್ನುವುದಕ್ಕೆ ಏನು ಮಜಾ ಇದೆ ಹೇಳಿ. ತೋತಾಪುರಿ ಕಾಯಿ ಕೊಯ್ದು ನೋಡಿ. ಮೊದಲ ಸೀಳು ಬೆಳ್ಳಗೆ ಬರುತ್ತದೆ. ಮೂರನೇ ಸೀಳಿಗೆ ಅಲಗಿನ ಅಂಚಿನಲ್ಲಿ ಬೂದು ನೀರು. ಹೋಳಿನ ಮೇಲೆ ಪೆನ್ಸಿಲ್ ಗೀಟು ಹೊಡೆದಷ್ಟು ತೆಳ್ಳಗೆ ಕಪ್ಪು ಗೆರೆ. ಉಪ್ಪು ಖಾರ ಹಚ್ಚಿ ಬಾಯಿಗಿಟ್ಟರೆ ಹುಳಿಯ ಹಿಂದೆ ಕಬ್ಬಿಣದ ರುಚಿ. ಮೈಸೂರಿನ ಈರನಗೆರೆ ಬದನೆಕಾಯಿಯಂಥ ಒಳ್ಳೆ ಬದನೆಯನ್ನು ಇಂಥ ಅಲಗಿನಲ್ಲಿ ಹೆಚ್ಚಿದರೆ ನೀರಿಗೆ ಹಾಕುವ ಮುಂಚೆಯೇ ಕಪ್ಪಾಗುತ್ತದೆ. ದಿನಾ ಬಳಸಿ ಒರೆಸುತ್ತಾ ಹೋದರೆ ಅಲಗಿಗೇ ಒಂದು ಬೂದು ಬಣ್ಣ ಕೂರುತ್ತದೆ. ಆಮೇಲೆ ಇಷ್ಟು ಬಣ್ಣ ಬಿಡುವುದಿಲ್ಲ, ತುಕ್ಕೂ ಕಡಿಮೆ. ಅದನ್ನು ಉಜ್ಜಿ ತೆಗೆಯುವ ಹುಚ್ಚು ಬೇಡ. ಕೆಂಪಗೆ, ಪುಡಿಪುಡಿಯಾಗಿ ಬರುವುದು ತುಕ್ಕು, ಅದನ್ನು ಮಾತ್ರ ಉಜ್ಜಿ ತೆಗೆಯಬೇಕು. ಆಸೆಪಟ್ಟು ಕಾರ್ಬನ್ ಇಟ್ಟುಕೊಳ್ಳುವವರಿಗೆ ನಾನು ಅಡ್ಡಿ ಮಾಡಲ್ಲ, ಬಾಯಿ ಬೇಗ ಹರಿತವಾಗುತ್ತದೆ, ಕೈಗೆ ಖುಷಿ. ರೈಲಿನಲ್ಲಿ ಹಣ್ಣು ಹೆಚ್ಚಿ ಹಾಗೇ ಮಡಚಿ ಜೇಬಿಗೆ ಹಾಕಿಕೊಳ್ಳುವವರಿಗೆ ಸ್ಟೇನ್‌ಲೆಸ್ಸೇ ಸರಿ.

ಬೆರಳಿನ ಗೆಣ್ಣು ತಟ್ಟೆಗೆ ಬಡಿಯುತ್ತೆ ಅಂದಿರಿ. ಅದು ನಿಮ್ಮ ಕೈಯ ತಪ್ಪಲ್ಲ, ಚಾಕುವಿನ ಆಕಾರ ಹಾಗಿದೆ. ಅಡುಗೆಮನೆಯ ದೊಡ್ಡ ಚಾಕುವಿನ ಅಲಗು ಹಿಡಿಗಿಂತ ಕೆಳಕ್ಕೆ ಇಳಿದಿರುತ್ತದೆ, ಬೆರಳಿಗೆ ಜಾಗ ಸಿಗುತ್ತದೆ. ಜೇಬಿನ ಚಾಕುವಿನಲ್ಲಿ ಅಲಗು, ಹಿಡಿ ಒಂದೇ ಸಾಲು. ಅಲಗು ಮಣೆ ಮುಟ್ಟುವ ಮುಂಚೆ ಗೆಣ್ಣು ಮುಟ್ಟುತ್ತದೆ. ಮಣೆಯ ಮೇಲೆ ಟಕಟಕ ಅಂತ ಹೆಚ್ಚಲು ಮಾಡಿದ್ದೇ ಅಲ್ಲ ಇದು. ನಮ್ಮ ಅಜ್ಜಿಯರು ಈಳಿಗೆ ಮಣೆಯಲ್ಲಿ ಹೆಚ್ಚುವಾಗ ಅಲಗು ನಿಂತಿರುತ್ತದೆ, ಎರಡೂ ಕೈಯಲ್ಲಿ ತರಕಾರಿ ಹಿಡಿದು ಅಲಗಿಗೆ ಒಡ್ಡುತ್ತಾರೆ. ಅಲ್ಲಿ ಮಣೆಯ ಪ್ರಶ್ನೆಯೇ ಇಲ್ಲ. ಜೇಬಿನ ಚಾಕುವಿಗೂ ಆದಷ್ಟು ಮಣೆ ಮರೆತುಬಿಡಿ. ಅದು ಕೈಯಲ್ಲಿ ಹಿಡಿದು ಹೆಚ್ಚುವ ಚಾಕು.

ಸೌತೆಕಾಯಿ ಎಡಗೈಯಲ್ಲಿ ಹಿಡಿದು ಉದ್ದಕ್ಕೆ ಸೀಳುವುದು, ಸೀಬೆಹಣ್ಣನ್ನು ನಾಲ್ಕು ಭಾಗ ಮಾಡುವುದು, ಹುರುಳಿಕಾಯಿ ತೊಟ್ಟು ತೆಗೆದು ಮುರಿಯುವುದು, ಸೇಬಿನ ಬೀಜದ ಭಾಗ ಕೆತ್ತುವುದು, ಮೂಸಂಬಿ ಸಿಪ್ಪೆಗೆ ಗೀಟು ಹಾಕುವುದು, ಇಂಥದ್ದರಲ್ಲಿ ಅದು ಅಡುಗೆಮನೆಯ ದೊಡ್ಡ ಚಾಕುವಿಗಿಂತ ಚುರುಕು. ಹೆಬ್ಬೆರಳಿನ ಕಡೆಗೆ ಎಳೆದು ಹೆಚ್ಚುವ ಅಭ್ಯಾಸ ನಮ್ಮಲ್ಲಿ ತುಂಬಾ ಜನಕ್ಕಿದೆ. ಹಾಗೆ ಮಾಡುವುದಾದರೆ ಹೆಬ್ಬೆರಳು ಅಲಗು ಬರುವ ದಾರಿಯಲ್ಲಿ ಇರಬಾರದು, ಹೋಳಿನ ಕೆಳತುದಿಗೆ ಒತ್ತಿಕೊಂಡಿರಬೇಕು. ಮಣಿಕಟ್ಟು ಗಟ್ಟಿ, ಎಳೆತ ಸಣ್ಣದು. ರೈಲು ಯಲಿಯೂರು ದಾಟಿ ಕುಲುಕುವಾಗ ಮಾತ್ರ ಈ ಕಸರತ್ತು ಬೇಡ, ನಿಂತ ಮೇಲೆ ಹೆಚ್ಚಿ.

ಬಲಮುರಿಯಲ್ಲಿ ಮತ್ತೆ ಈರುಳ್ಳಿ ಹೆಚ್ಚಬೇಕು ಅಂದರೆ ಹೀಗೆ ಮಾಡಿ. ಸಣ್ಣ ಅಥವಾ ಮಧ್ಯಮ ಈರುಳ್ಳಿ ತಗೊಳ್ಳಿ. ನಿಮ್ಮ ಅಲಗು ಎಂಟು ಸೆಂಟಿಮೀಟರ್ ಆಜುಬಾಜು ಇದ್ದೀತು, ದಪ್ಪ ಈರುಳ್ಳಿಗೆ ಸಾಲದು. ಬೇರಿನ ತುದಿ ಬಿಡದೆ ಎರಡು ಹೋಳು ಮಾಡಿ, ಸಪಾಟು ಮುಖ ಕೆಳಗೆ ಬರುವಂತೆ ಮಣೆಯ ಅಂಚಿಗೆ ಇಡಿ. ಮಣೆಯ ನಡುವೆ ಅಲ್ಲ, ಅಂಚಿಗೆ. ಹಿಡಿ ಮತ್ತು ನಿಮ್ಮ ಮುಷ್ಟಿ ಅಂಚಿನಿಂದ ಹೊರಗೆ ಗಾಳಿಯಲ್ಲಿ ಇರಬೇಕು, ಅಲಗು ಮಾತ್ರ ಒಳಗೆ. ಮೊದಲು ತುದಿಯಿಂದ ಉದ್ದುದ್ದ ಗೆರೆ ಎಳೆಯಿರಿ, ಒತ್ತಬೇಡಿ, ಎಳೆಯಿರಿ. ಆಮೇಲೆ ಅಡ್ಡ. ಅಲಗು ಚೂಪಾಗಿದ್ದರೆ ಈರುಳ್ಳಿ ಪದರ ಜಾರುವುದಿಲ್ಲ, ಕಣ್ಣೀರೂ ಕಡಿಮೆ. ಸ್ಟೀಲ್ ತಟ್ಟೆಯ ಮೇಲೆ ಹೆಚ್ಚಿದರೆ ಬಾಯಿ ಒಂದೇ ದಿನಕ್ಕೆ ಮೊಂಡಾಗುತ್ತದೆ, ಕಲ್ಲಿನ ಮೇಲಂತೂ ಮುಗಿದೇ ಹೋಯಿತು. ಬ್ಯಾಗಿನಲ್ಲಿ ಒಂದು ತೆಳ್ಳನೆಯ ಪ್ಲಾಸ್ಟಿಕ್ ಮಣೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಟಿಫನ್ ಡಬ್ಬದ ಪ್ಲಾಸ್ಟಿಕ್ ಮುಚ್ಚಳವನ್ನು ಬೋರಲು ಹಾಕಿ. ಕೊತ್ತಂಬರಿ ಸೊಪ್ಪನ್ನು ಕೈಯಲ್ಲಿ ಚಿವುಟಿಬಿಡಿ, ಇಷ್ಟು ಚಿಕ್ಕ ಅಲಗಿಗೆ ಸೊಪ್ಪು ಒಲಿಯುವುದಿಲ್ಲ.

ಹೆಚ್ಚುವ ಮುಂಚೆ ಹಣ್ಣು ತೊಳೆಯಿರಿ. ಸಿಪ್ಪೆ ತಿನ್ನದ ಹಣ್ಣನ್ನೂ ತೊಳೆಯಬೇಕು. ಪರಂಗಿಹಣ್ಣಿನ ಸಿಪ್ಪೆಯ ಮೇಲಿರುವ ಮಣ್ಣನ್ನು ಅಲಗೇ ಒಳಗಿನ ತಿರುಳಿಗೆ ಎಳೆದುಕೊಂಡು ಹೋಗುತ್ತದೆ. ಬೆಳಗ್ಗೆ ಮಂಡ್ಯದಲ್ಲಿ ಹೆಚ್ಚಿ ಡಬ್ಬಕ್ಕೆ ಹಾಕಿ ಮಧ್ಯಾಹ್ನ ಮೈಸೂರಿನಲ್ಲಿ ತಿನ್ನುವ ಬದಲು, ಇಡೀ ಹಣ್ಣು ತಗೊಂಡುಹೋಗಿ ತಿನ್ನುವಾಗ ಹೆಚ್ಚಿ. ಹೆಚ್ಚಿದ ಹಣ್ಣು ಫ್ರಿಜ್ಜಿನ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು. ನನ್ನ ಪ್ರಕಾರ ಜೇಬಿನ ಚಾಕುವಿನ ನಿಜವಾದ ಉಪಯೋಗ ಇರುವುದು ಇಲ್ಲೇ.

ಅದಕ್ಕೆ ಆಗದ ಕೆಲಸಗಳೂ ಇವೆ. ಅಚ್ಚುಬೆಲ್ಲಕ್ಕೆ ಚಾಕು ತುದಿ ಚುಚ್ಚಿ ಮೀಟಬೇಡಿ. ಮಂಡ್ಯದವರಿಗೆ ಇದನ್ನು ಹೇಳಬೇಕಾ ಅನ್ನಬಹುದು, ಆದರೆ ಮುರಿದ ತುದಿಯ ಚಾಕುಗಳಲ್ಲಿ ಬೆಲ್ಲದ ಕೈವಾಡ ಬಹಳ. ಗುಂಡುಕಲ್ಲಿನಿಂದ ಕುಟ್ಟಿ. ತೆಂಗಿನಕಾಯಿ, ಕುಂಬಳಕಾಯಿ, ಅನಾನಸ್, ಕಬ್ಬಿನ ಜಲ್ಲೆ ಮಚ್ಚಿನ ಪಾಲು. ಸ್ವಿಸ್ ಚಾಕುವಿನಲ್ಲಿ ಚಿಕ್ಕ ದಬ್ಬಣದಂಥದ್ದು ಇರುತ್ತದೆ, ಬೇಕಾದರೆ ತೆಂಗಿನಕಾಯಿಯ ಮೂರು ಕಣ್ಣಿನಲ್ಲಿ ಮೆತ್ತಗಿರುವ ಒಂದನ್ನು ಅದರಲ್ಲಿ ಕೊರೆದು ನೀರು ಕುಡಿಯಬಹುದು. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಕೆತ್ತುವವರನ್ನು ನೋಡಿ ನಾನೂ ಒಂದು ಕೈ ನೋಡುತ್ತೇನೆ ಅಂತ ಜೇಬಿಗೆ ಕೈ ಹಾಕಬೇಡಿ. ಹಲಸಿನ ತೊಳೆ ಬಿಡಿಸುವುದಕ್ಕೂ ಬೇಡ. ಅಲಗಿಗೆ ಕೊಬ್ಬರಿ ಎಣ್ಣೆ ಸವರಿದರೂ ಮೇಣ ಕೀಲಿಗೆ ಇಳಿಯುತ್ತದೆ, ಆಮೇಲೆ ಅದನ್ನು ತೆಗೆಯುವುದಕ್ಕೆ ಎಣ್ಣೆ, ಬ್ರಷ್ಷು, ಸೋಪು, ಮತ್ತೆ ಎಣ್ಣೆ ಅಂತ ಒಂದು ಸಂಜೆ ಹೋಗುತ್ತದೆ.

ಗಟ್ಟಿ ಪದಾರ್ಥ ಬೇಡ ಅನ್ನುವುದಕ್ಕೆ ತುದಿ ಮುರಿಯುವುದಷ್ಟೇ ಕಾರಣ ಅಲ್ಲ. ಬಹಳಷ್ಟು ಜೇಬಿನ ಚಾಕುಗಳಿಗೆ ಲಾಕ್ ಇಲ್ಲ, ಒಳಗಿನ ಸ್ಪ್ರಿಂಗ್ ಮಾತ್ರ ಅಲಗನ್ನು ಹಿಡಿದುಕೊಂಡಿರುತ್ತದೆ. ತುದಿ ಚುಚ್ಚಿ ಒತ್ತಿದಾಗ, ಅಥವಾ ಅಲಗಿನ ಬೆನ್ನಿಗೆ ಪೆಟ್ಟು ಬಿದ್ದಾಗ ಅದು ಮಡಚಿಕೊಳ್ಳುತ್ತದೆ. ಒಳಗೆ ಇರುವುದು ನಿಮ್ಮ ನಾಲ್ಕು ಬೆರಳು. ಮರದ ಹಿಡಿಯದಾದರೆ ಅಲಗು ಹಿಡಿಗೆ ಸೇರುವ ಕಡೆ ತಿರುಗುವ ಒಂದು ಲೋಹದ ಬಳೆ ಇದೆಯಾ ನೋಡಿ. ಒಪಿನೆಲ್ ಕಂಪನಿಯವರು ಅದನ್ನು 1955ರಲ್ಲಿ ಸೇರಿಸಿದರು. ಅಲಗು ಬಿಚ್ಚಿದ ಮೇಲೆ ಬಳೆ ತಿರುಗಿಸಿದರೆ ಅಲಗು ಅಲ್ಲಾಡುವುದಿಲ್ಲ. ಬಳೆ ಇದ್ದೂ ತಿರುಗಿಸದವರೇ ಜಾಸ್ತಿ. ಚಾಕು ಕೈಯಿಂದ ಕೈಗೆ ಕೊಡಬಾರದು, ಕೆಳಗಿಟ್ಟು ತಗೊಳ್ಳಬೇಕು ಅಂತ ಹಿರಿಯರು ಹೇಳುತ್ತಾರಲ್ಲ, ಲಾಕ್ ಇಲ್ಲದ ಚಾಕುವಿಗೆ ಆ ಮಾತು ಹೇಳಿ ಮಾಡಿಸಿದ್ದು.

ಕೋಳಿ, ಮೀನು, ಮಟನ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹಸಿ ಮಾಂಸ ಮಡಚುವ ಚಾಕುವಿಗೆ ಬೇಡವೇ ಬೇಡ. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ ಅನ್ನುವ ರೋಗ ತರುವ ಬ್ಯಾಕ್ಟೀರಿಯಾ ಇರಬಹುದು. ಕೋಳಿಯನ್ನು ಬೇಯಿಸಿದಾಗ ಅದು ಸಾಯುತ್ತದೆ, ಕೀಲಿನಲ್ಲಿ ಸೇರಿದ ರಸವನ್ನು ಯಾರು ಬೇಯಿಸುತ್ತಾರೆ? ಅದೇ ಚಾಕುವಿನಲ್ಲಿ ನೀವು ಸೌತೆಕಾಯಿ ಹೆಚ್ಚಿ ಹಸಿಯಾಗಿ ತಿನ್ನುತ್ತೀರಿ. ಹೊಳೆ ದಡದಲ್ಲಿ ಅಡುಗೆ ಮಾಡುವುದಿದ್ದರೆ ಬನ್ನೂರು ಕುರಿಯೋ, ನಾಟಿ ಕೋಳಿಯೋ, ಅಂಗಡಿಯವರ ಹತ್ತಿರವೇ ಬೇಕಾದ ಅಳತೆಗೆ ತುಂಡು ಮಾಡಿಸಿಕೊಂಡು ಹೋಗಿ.

ಹರಿತದ ವಿಷಯ. ಟೊಮೆಟೊ ಸಿಪ್ಪೆಯ ಮೇಲೆ ಅಲಗನ್ನು ಒತ್ತದೆ ಎಳೆದಾಗ ಸಿಪ್ಪೆ ಕಚ್ಚಿಕೊಂಡರೆ ಚೂಪು, ಜಾರಿದರೆ ಮೊಂಡು. ಜಾರುವ ಚಾಕುವೇ ಬೆರಳು ಕೊಯ್ಯುವುದು. ಸಾವಿರ ನಂಬರಿನ ಒಂದು ಸಾಣೆಕಲ್ಲು ಸಾಕು. ನೀರು ಹಾಕಿ, ಅಲಗನ್ನು ಕಲ್ಲಿಗೆ 15ರಿಂದ 20 ಡಿಗ್ರಿ ಓರೆಯಲ್ಲಿ ಹಿಡಿದು, ಎರಡೂ ಕಡೆ ಸಮ ತೀಡಿ. ಕಲ್ಲಿಲ್ಲದಿದ್ದರೆ ಪಿಂಗಾಣಿ ಕಪ್ಪಿನ ತಳದಲ್ಲಿ ಹೊಳಪಿಲ್ಲದ ಒರಟು ಬಳೆ ಇರುತ್ತದಲ್ಲ, ಅದರ ಮೇಲೆ ನಾಲ್ಕು ಸಲ ಎಳೆದರೆ ಆ ಹೊತ್ತಿನ ಕೆಲಸ ನಡೆಯುತ್ತದೆ. ಬೀದಿಯಲ್ಲಿ ಸೈಕಲ್ ಮೇಲೆ ಚಕ್ರ ಕಟ್ಟಿಕೊಂಡು ಸಾಣೆ ಹಿಡಿಯಲು ಬರುವವರ ಮೇಲೆ ನನಗೆ ಗೌರವ ಇದೆ, ಈಳಿಗೆ ಮಣೆ, ಮಚ್ಚು, ಕುಡುಗೋಲು ಅವರಿಗೇ ಕೊಡಿ. ಜೇಬಿನ ಚಾಕುವಿನ ತೆಳ್ಳನೆ ಬಾಯಿ ಒಣ ಚಕ್ರದ ಬಿಸಿ ತಡೆಯುವುದಿಲ್ಲ. ಕಿಡಿ ಹಾರಿ ಅಂಚು ನೀಲಿ ಬಣ್ಣಕ್ಕೆ ತಿರುಗಿತು ಅಂದರೆ ಆ ಭಾಗದ ಉಕ್ಕು ಮೆತ್ತಗಾಯಿತು ಅಂತ ಅರ್ಥ, ಮತ್ತೆ ಹರಿತ ನಿಲ್ಲುವುದಿಲ್ಲ.

ಹೊಸದು ಕೊಳ್ಳುವುದಾದರೆ ನೋಡಬೇಕಾದದ್ದು ಬೆನ್ನಿನ ದಪ್ಪ. 2 ಮಿಲಿಮೀಟರ್ ಆಜುಬಾಜು ಇರಲಿ. ಮಿಲಿಟರಿ ಸ್ಟೈಲು ಅಂತ ಮಾರುವ, ಕಪ್ಪು ಬಣ್ಣ ಬಳಿದ, 3-4 ಮಿಲಿಮೀಟರ್ ದಪ್ಪದ ಚಾಕುಗಳು ನೋಡಲು ಗತ್ತು. ಕ್ಯಾರೆಟ್ಟಿಗೆ ಹಾಕಿದರೆ ಅದು ಕೊಯ್ಯುವುದಿಲ್ಲ, ಬೆಣೆ ಹೊಡೆದಂತೆ ಟಕ್ ಅಂತ ಸೀಳುತ್ತದೆ. ಅಗ್ಗದ ಬಣ್ಣದ ಲೇಪ ಗೀಚಿಹೋಗಿ ಎದ್ದು ಬರುತ್ತದೆ, ಅದು ಹಣ್ಣಿನ ಜೊತೆ ಹೊಟ್ಟೆಗೆ ಹೋಗುವುದು ಬೇಡ. ಗರಗಸದ ಹಲ್ಲಿರುವ ಅಲಗೂ ಬೇಡ, ಹಲ್ಲಿನ ಸಂದಿ ತೊಳೆಯುವುದು ಕಷ್ಟ. ನಯವಾದ ಸ್ಟೇನ್‌ಲೆಸ್ ಅಲಗು, ಆರರಿಂದ ಎಂಟು ಸೆಂಟಿಮೀಟರ್ ಉದ್ದ, ಸೀಳಿನ ಒಳಗೆ ಬೆಳಕು ಬಿದ್ದು ತಳ ಕಾಣಿಸುವಂಥದ್ದು. ಹೊಸದು ತಂದ ದಿನವೇ ಒಮ್ಮೆ ಸೋಪು ಹಾಕಿ ತೊಳೆಯಿರಿ, ಕಾರ್ಖಾನೆಯ ಎಣ್ಣೆ ಅಂಟಿರುತ್ತದೆ. ನಿಜ ಹೇಳಬೇಕೆಂದರೆ, ಬರೀ ಆಫೀಸಿನ ಮಧ್ಯಾಹ್ನದ ಹಣ್ಣಿಗೆ ಅನ್ನುವುದಾದರೆ ಮಡಚುವ ಚಾಕುವೇ ಬೇಕು ಅಂತಿಲ್ಲ. ದೇವರಾಜ ಮಾರುಕಟ್ಟೆ ಸುತ್ತಿನ ಪಾತ್ರೆ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಒರೆ ಸಮೇತ ಸಿಗುವ ಚಿಕ್ಕ ಹಣ್ಣಿನ ಚಾಕು ಇದಕ್ಕಿಂತ ಅಗ್ಗ, ತೊಳೆಯುವುದೂ ಸುಲಭ. ಜೇಬಲ್ಲಿ ಹಿಡಿಯುವುದಿಲ್ಲ, ಅಷ್ಟೇ.

ಕಾನೂನಿನ ಹೆದರಿಕೆ ಈ ಅಳತೆಗೆ ಬೇಕಿಲ್ಲ. ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನವು, ಅದರಲ್ಲೂ ಮನೆಗೆಲಸಕ್ಕೆ, ಬೇಸಾಯಕ್ಕೆ ಮಾಡಿದ್ದನ್ನು ಬಿಟ್ಟು. ಗುಂಡಿ ಒತ್ತಿದರೆ ಚಿಮ್ಮುವ ಚಾಕುವಿನ ಸಹವಾಸ ಮಾತ್ರ ಬೇಡ. ಮಂಡಕಳ್ಳಿಯಿಂದ ವಿಮಾನ ಹತ್ತುವ ದಿನ ಕೈಚೀಲದಲ್ಲಿ ಇಡಬೇಡಿ, ಲಗೇಜಿಗೆ ಹಾಕಿ. ಬೆಂಗಳೂರಿಗೆ ಹೋಗಿ ಮೆಟ್ರೋ ಹತ್ತುವುದಿದ್ದರೆ ಮನೆಯಲ್ಲೇ ಬಿಟ್ಟು ಹೋಗಿ.

ಕೊನೆಗೆ ನಿಮ್ಮ ಚಾಕು. ಔಷಧಿ ಮುಟ್ಟಿಲ್ಲ ಅಂತ ಖಾತ್ರಿ ಇದ್ದರೆ ಮೇಲೆ ಹೇಳಿದ ಹಾಗೆ ತೊಳೆದು, ಒಣಗಿಸಿ, ಒಂದು ತೊಟ್ಟು ಎಣ್ಣೆ ಬಿಟ್ಟು ಇನ್ನು ಮುಂದೆ ಹಣ್ಣಿಗೆ ಮಾತ್ರ ಇಟ್ಟುಕೊಳ್ಳಿ. ಪಾರ್ಸೆಲ್ಲಿಗೆ ಸ್ಟೇಷನರಿ ಅಂಗಡಿಯಲ್ಲಿ ಬ್ಲೇಡ್ ಹೊರಗೆ ತಳ್ಳುವ ಪೇಪರ್ ಕಟರ್ ಸಿಗುತ್ತದೆ, ಒಂದು ತಗೊಳ್ಳಿ. ಡ್ರಿಪ್ ಪೈಪಿಗೆ ಇನ್ನೊಂದು ಕಟರ್, ಅದು ತೋಟದ ಶೆಡ್ಡಿನಲ್ಲೇ ಗೂಟಕ್ಕೆ ನೇತಾಡುತ್ತಿರಲಿ. ಹಣ್ಣಿನ ಚಾಕುವನ್ನೂ ಕೀಲಿಕೈ, ಚಿಲ್ಲರೆ ಇರುವ ಜೇಬಿಗೆ ಹಾಕಬೇಡಿ. ಒಂದು ಸಣ್ಣ ಬಟ್ಟೆ ಚೀಲದಲ್ಲಿ ಹಾಕಿ ಟಿಫನ್ ಬ್ಯಾಗಿನಲ್ಲಿಡಿ. ಚೀಲವನ್ನು ವಾರಕ್ಕೊಮ್ಮೆ ಬಟ್ಟೆ ಜೊತೆ ಒಗೆಯಲು ಹಾಕಿ, ಚಾಕು ತೆಗೆದು.